ಬಸವನಹುಳುವಿಗೆ ರೋಗವಿಲ್ಲ, ಅದರ ಚಿಪ್ಪಿನ ಮಾತು ಬೇರೆ

ಪ್ರಶ್ನೆ: ನಾವು ಕಲಬುರಗಿಯ ಜೇವರ್ಗಿ ರಸ್ತೆಯ ಕಡೆ ಇರುವವರು. ಮನೆಯ ದೊಡ್ಡ ಅಕ್ವೇರಿಯಂನಲ್ಲಿ ಮೂರು ಗೋಲ್ಡ್ ಫಿಶ್ ಮತ್ತು ಹಳದಿ ಬಣ್ಣದ ಒಂದು ಬಸವನಹುಳು ಇದ್ದವು. ಡಿಸೆಂಬರ್‌ನಲ್ಲಿ ಅಂಗಡಿಯಿಂದ ನಾಲ್ಕನೆಯ ಮೀನು ತಂದು ಬಿಟ್ಟೆವು. ವಾರದೊಳಗೆ ಎಲ್ಲ ಮೀನುಗಳ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು ಎದ್ದವು, ಎರಡು ಸತ್ತವು. ಅಂಗಡಿಯವರು ಕೊಟ್ಟ ನೀಲಿ ಔಷಧ ಹಾಕಿದ ಮೇಲೆ ಚುಕ್ಕೆಗಳು ಮಾಯವಾದವು. ಆದರೆ ಮೂರನೆಯ ಮೀನಿನ ಬಾಯಿಯ ಸುತ್ತ ಬಿಳಿ ಹತ್ತಿಯಂಥದ್ದು ಕಾಣಿಸಿಕೊಂಡು ಎರಡೇ ದಿನದಲ್ಲಿ ಅದೂ ಹೋಯಿತು. ಒಂದು ಮೀನು ಉಳಿದಿದೆ, ಚುರುಕಾಗಿಯೇ ಇದೆ. ಬಸವನಹುಳುವೂ ಬದುಕಿದೆ. ದೊಡ್ಡ ತೊಟ್ಟಿಯನ್ನು ಖಾಲಿ ಮಾಡಿ, ಹುಳುವನ್ನು ತನ್ನ ಗಪ್ಪಿಗಳಿರುವ ಚಿಕ್ಕ ತೊಟ್ಟಿಗೆ ಹಾಕಬೇಕೆಂದು ಮಗಳು ಹಟ ಹಿಡಿದಿದ್ದಾಳೆ. ಆ ತೊಟ್ಟಿಗೆ ನಾವು ಶುದ್ಧವಾಗಿರಲೆಂದು ಆರ್‌ಒ ನೀರನ್ನೇ ಹಾಕುತ್ತೇವೆ. ಹುಳುವನ್ನು ಐದು ನಿಮಿಷ ಉಪ್ಪುನೀರಿನಲ್ಲಿ ಅದ್ದಿ ಹಾಕಿ ಎಂದು ಅಂಗಡಿಯವರು ಹೇಳುತ್ತಾರೆ. ಸತ್ತ ಮೀನನ್ನು ಅದು ತಿನ್ನುತ್ತಿದ್ದುದನ್ನು ಕಂಡ ನಮ್ಮ ಅತ್ತೆಯವರು, ಮೀನುಗಳನ್ನು ಕೊಂದದ್ದೇ ಅದು, ಊರಿನ ‘ಅಪ್ಪನ ಕೆರೆ’ಗೆ ಬಿಟ್ಟು ಬಾ ಎನ್ನುತ್ತಾರೆ. ಗಾಜಿನ ಮೇಲ್ಭಾಗದಲ್ಲಿ, ನೀರಿನ ಹೊರಗೆ, ಮೊಟ್ಟೆಗಳ ಗೊಂಚಲೊಂದನ್ನೂ ಅದು ಇಟ್ಟಿದೆ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಅತ್ತೆಯವರ ಆರೋಪವನ್ನು ತೀರ್ಮಾನಿಸಿಬಿಡೋಣ. ಹುಳು ನಿರಪರಾಧಿ. ಅಂಗಡಿಗಳಲ್ಲಿ ಮಿಸ್ಟರಿ ಸ್ನೇಲ್ ಅಥವಾ ಆಪಲ್ ಸ್ನೇಲ್ ಎಂದು ಮಾರುವ ಈ ಜಾತಿಗೆ ಓಡಾಡುವ ಮೀನನ್ನು ಹಿಡಿಯುವ ಶಕ್ತಿಯೂ ಇಲ್ಲ, ವೇಗವೂ ಇಲ್ಲ. ಸತ್ತದ್ದು ಸಿಕ್ಕರೆ ತಿನ್ನುತ್ತದೆ. ಬೆಳಿಗ್ಗೆ ಎದ್ದು ನೋಡಿದವರಿಗೆ ಹೆಣದ ಮೇಲೆ ಕುಳಿತ ಹುಳು ಕಾಣುತ್ತದೆ, ಅಪವಾದ ಅದಕ್ಕೆ ಅಂಟಿಕೊಳ್ಳುತ್ತದೆ. ನಿಜ ಹೇಳಬೇಕೆಂದರೆ ಗೋಲ್ಡ್ ಫಿಶ್‌ಗಳೇ ಬಸವನಹುಳುವಿನ ಮೀಸೆಗಳನ್ನು ಕಚ್ಚಿ ಕಾಟ ಕೊಡುವುದು ಹೆಚ್ಚು.

ಇನ್ನು ನಿಮ್ಮ ನಿಜವಾದ ಅಳುಕು: ಹುಳುವಿನ ಜೊತೆ ರೋಗವೂ ಗಪ್ಪಿಗಳ ತೊಟ್ಟಿಗೆ ಹೋದರೆ? ಹೋಗಬಹುದು. ಆದರೆ ನೀವು ಊಹಿಸಿಕೊಂಡಿರುವ ದಾರಿಯಲ್ಲಿ ಅಲ್ಲ. ಅಂಗಡಿಯವರು ಹೇಳಿದ ಉಪ್ಪುನೀರು ಆ ದಾರಿಯನ್ನು ಮುಚ್ಚುವುದೂ ಇಲ್ಲ.

ನೀವು ವರ್ಣಿಸಿರುವ ರವೆಯಂತಹ ಚುಕ್ಕೆಗಳು ಬಿಳಿ ಚುಕ್ಕೆ ರೋಗದವು. ಅದಕ್ಕೆ ಕಾರಣ ಇಕ್ತಿಯೋಫ್ತೀರಿಯಸ್ ಎಂಬ ಏಕಕೋಶ ಜೀವಿ. ಮೀನು ಸಾಕುವವರು ಚಿಕ್ಕದಾಗಿ ‘ಇಕ್’ ಎನ್ನುತ್ತಾರೆ. ಇದರ ಬದುಕಿನಲ್ಲಿ ಮೂರು ಘಟ್ಟಗಳಿವೆ. ಮೊದಲನೆಯದರಲ್ಲಿ ಅದು ಮೀನಿನ ಚರ್ಮದ ಅಡಿಯಲ್ಲಿ ಕುಳಿತು ಮೇಯುತ್ತದೆ. ನಮಗೆ ಕಾಣುವ ಚುಕ್ಕೆ ಅದೇ. ಮೈತುಂಬಿದ ಮೇಲೆ ಮೀನನ್ನು ಬಿಟ್ಟು ಕೆಳಗೆ ಉದುರಿ, ಸಿಕ್ಕ ಯಾವುದಾದರೂ ಮೇಲ್ಮೈಗೆ ಅಂಟಿಕೊಂಡು ಸುತ್ತ ಗಟ್ಟಿಯಾದ ಕೋಶ ಕಟ್ಟಿಕೊಳ್ಳುತ್ತದೆ. ಅದರೊಳಗೆ ಒಡೆಯುತ್ತಾ ಒಡೆಯುತ್ತಾ ಒಂದು ನೂರಾರು ಆಗುತ್ತದೆ, ಕೆಲವೊಮ್ಮೆ ಸಾವಿರದವರೆಗೂ. ಕೊನೆಗೆ ಕೋಶ ಬಿರಿದು ಮರಿಗಳು ನೀರಿಗೆ ಬಿಡುಗಡೆಯಾಗಿ ಮೀನನ್ನು ಹುಡುಕಿಕೊಂಡು ಹೊರಡುತ್ತವೆ. ಎರಡು ದಿನದ ಆಸುಪಾಸಿನಲ್ಲಿ ಮೀನು ಸಿಗದಿದ್ದರೆ ಬಹುತೇಕ ಎಲ್ಲವೂ ಸಾಯುತ್ತವೆ.

ಬಸವನಹುಳು ಮೀನಲ್ಲ. ಅದರ ಮಾಂಸದಲ್ಲಿ ಇಕ್ ಬೆಳೆಯುವುದಿಲ್ಲ, ಅದಕ್ಕೆ ಈ ಕಾಯಿಲೆ ಬರುವುದಿಲ್ಲ. ಆದರೆ ಉದುರಿದ ಕೋಶಕ್ಕೆ ಜಲ್ಲಿಯೂ ಒಂದೇ, ಗಿಡದ ಎಲೆಯೂ ಒಂದೇ, ಹುಳುವಿನ ಚಿಪ್ಪೂ ಒಂದೇ. ಚಿಪ್ಪಿನ ಸುರುಳಿಯ ಸಂದಿನಲ್ಲಿ ಅಂಟಿದ ಒಂದು ಕೋಶ ಗಪ್ಪಿ ತೊಟ್ಟಿಗೆ ಹೋಗಿ ಬಿರಿದರೂ ಸಾಕು. ಜೊತೆಗೆ, ಹುಳುವಿನೊಡನೆ ಹೋಗುವ ಒಂದು ಲೋಟ ನೀರಿನಲ್ಲೂ ಮರಿಗಳಿರಬಹುದು.

ಉಪ್ಪುನೀರು ಏಕೆ ಬೇಡವೆಂದರೆ, ಉಪ್ಪಾಗಲಿ ಔಷಧವಾಗಲಿ ಮುಖ್ಯವಾಗಿ ಕೊಲ್ಲುವುದು ನೀರಿನಲ್ಲಿ ಈಜುತ್ತಿರುವ ಮರಿಗಳನ್ನು. ಕೋಶದೊಳಗೆ ಇರುವುದಕ್ಕೆ ಐದು ನಿಮಿಷದ ಉಪ್ಪು ತಟ್ಟುವುದಿಲ್ಲ. ತಟ್ಟುವುದು ಹುಳುವಿಗೆ. ಸಿಹಿನೀರಿನ ಬಸವನಹುಳುವಿನ ಬರಿಮೈಗೆ ಉಪ್ಪು ಸೋಕಿದರೆ ದೇಹದ ನೀರು ಹೊರಗೆ ಎಳೆದುಕೊಳ್ಳುತ್ತದೆ, ಅದು ಲೋಳೆ ಸುರಿಸುತ್ತಾ ಒಳಗೆ ಮುದುಡಿಕೊಳ್ಳುತ್ತದೆ. ಪೊಟ್ಯಾಸಿಯಂ ಪರ್ಮಾಂಗನೇಟ್, ಬ್ಲೀಚಿಂಗ್ ಪುಡಿ, ಡೆಟಾಲ್ ಇವುಗಳ ವಿಷಯವೂ ಅಷ್ಟೇ. ರೋಗ ಉಳಿದು ಹುಳು ಸಾಯುವ ಚಿಕಿತ್ಸೆಗಳು ಇವು.

ಹಾಗಾದರೆ ಕೋಶವನ್ನು ಕೊಲ್ಲುವುದು ಹೇಗೆ? ಕೊಲ್ಲಬೇಕಾಗಿಯೇ ಇಲ್ಲ. ಮೀನಿಲ್ಲದ ನೀರಿನಲ್ಲಿ ಅದು ಬಿರಿಯಲಿ, ಮರಿಗಳು ಹಸಿವಿನಿಂದ ಸಾಯಲಿ. ಇದಕ್ಕೆ ಬೇಕಾದದ್ದು ಕಾಲ ಮಾತ್ರ. ಎಷ್ಟು ಕಾಲ ಎಂಬುದು ನೀರಿನ ಉಷ್ಣತೆಯನ್ನು ಅವಲಂಬಿಸಿದೆ. 25 ಡಿಗ್ರಿಯ ಆಸುಪಾಸಿನಲ್ಲಿ ಇಡೀ ಚಕ್ರ ಒಂದು ವಾರದೊಳಗೆ ಮುಗಿಯುತ್ತದೆ. 15 ಡಿಗ್ರಿಗೆ ಇಳಿದರೆ ಎರಡು ವಾರವಾದರೂ ಬೇಕು. 30 ಡಿಗ್ರಿ ದಾಟಿದರೆ ಇಕ್ ವಂಶ ಬೆಳೆಸಲು ತಿಣುಕಾಡುತ್ತದೆ. ಹಾಗಾಗಿಯೇ ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಈ ದೂರು ನನ್ನ ಬಳಿಗೆ ಬರುವುದು ಅಪರೂಪ. ಹಗಲು ಬೆಚ್ಚಗಿದ್ದು ರಾತ್ರಿ ತಣ್ಣಗಾಗುವ ಡಿಸೆಂಬರ್, ಜನವರಿಯಲ್ಲಿ, ಅದರಲ್ಲೂ ಚಳಿ ಹೆಚ್ಚಿರುವ ಬೀದರಿನಿಂದ, ಸಾಲುಸಾಲಾಗಿ ಬರುತ್ತವೆ. ಉಷ್ಣತೆ ಏರಿಳಿಯುವಾಗ ಮೀನಿನ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಹೊಸ ಮೀನಿನ ಜೊತೆ ಬಂದ ಇಕ್‌ಗೆ ಅದೇ ಹಬ್ಬ. ಈಗ ನಿಮ್ಮಲ್ಲಿ ಚಳಿಗಾಲವಾದ್ದರಿಂದ ನಾಲ್ಕು ವಾರ ಇಟ್ಟುಕೊಳ್ಳಿ. ಅಷ್ಟು ಬೇಕೇ ಎಂದು ಕೇಳಬಹುದು. ಲೆಕ್ಕದ ಪ್ರಕಾರ ಎರಡು ವಾರಕ್ಕೇ ಮುಗಿಯಬೇಕು; ಉಳಿದದ್ದು ರಾತ್ರಿಯ ಚಳಿಗೆ ಮತ್ತು ನಮ್ಮ ಮರೆವಿಗೆ ಮೀಸಲಿಟ್ಟದ್ದು.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ಎಣಿಕೆ ಶುರುವಾಗುವುದು ಚುಕ್ಕೆ ಮಾಯವಾದ ದಿನದಿಂದಲ್ಲ, ಹುಳುವನ್ನು ಕೊನೆಯ ಮೀನಿನಿಂದ ಬೇರೆ ಮಾಡಿದ ದಿನದಿಂದ. ನಿಮ್ಮಲ್ಲಿ ಬದುಕುಳಿದ ಗೋಲ್ಡ್ ಫಿಶ್ ಗೆದ್ದು ಬಂದದ್ದು ಸಂತೋಷ. ಆದರೆ ಗುಣವಾದಂತೆ ಕಾಣುವ ಮೀನಿನ ಕಿವಿರುಗಳಲ್ಲಿ ಇಕ್ ಕಣ್ಣಿಗೆ ಬೀಳದಂತೆ ಸ್ವಲ್ಪ ಉಳಿದಿರಬಹುದು. ಮೀನಿಗೆ ಅದರಿಂದ ತೊಂದರೆ ಇರುವುದಿಲ್ಲ, ಅಲ್ಲಿಂದ ಕೋಶಗಳು ಮಾತ್ರ ಉದುರುತ್ತಲೇ ಇರುತ್ತವೆ. ಅದರ ಜೊತೆಯಲ್ಲಿ ಹುಳು ಆರು ತಿಂಗಳು ಕಳೆದರೂ ಅದು ಪ್ರತ್ಯೇಕ ವಾಸವಲ್ಲ.

ಮೂರನೆಯ ಮೀನಿನ ಸಾವು ನನಗೆ ಹೆಚ್ಚು ಯೋಚನೆ ಹಚ್ಚಿದೆ. ಬಾಯಿಯ ಸುತ್ತ ಬಿಳಿ ಹತ್ತಿ, ಎರಡೇ ದಿನದಲ್ಲಿ ಸಾವು: ಇದನ್ನು ಕಂಡವರು ಬೂಷ್ಟು ಎನ್ನುತ್ತಾರೆ, ಬೂಷ್ಟಿನ ಔಷಧ ಹಾಕುತ್ತಾರೆ. ಇಷ್ಟು ವೇಗವಾಗಿ ಕೊಲ್ಲುವ ಬಾಯಿ ಹತ್ತಿ ಹೆಚ್ಚಾಗಿ ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು. ಮೀನನ್ನು ನೋಡದೆ ಖಚಿತವಾಗಿ ಹೇಳಲಾರೆ, ಆದರೆ ನನ್ನ ಅನುಮಾನ ಆ ಕಡೆಗೇ. ಅದಕ್ಕೆ ದಾರಿ ಮಾಡಿಕೊಟ್ಟದ್ದು ಇಕ್ ಮಾಡಿದ ಗಾಯಗಳು ಮತ್ತು, ಬೇಸರ ಮಾಡಿಕೊಳ್ಳಬೇಡಿ, ಪ್ರಾಯಶಃ ಆ ನೀಲಿ ಔಷಧ. ನೀಲಿ ಎಂದರೆ ಬಹುಶಃ ಮೆಥಿಲೀನ್ ಬ್ಲೂ. ಫಿಲ್ಟರ್ ಸ್ಪಂಜಿನಲ್ಲಿ ಮೀನಿನ ಕಲ್ಮಶವನ್ನು ಕರಗಿಸುವ ಉಪಕಾರಿ ಬ್ಯಾಕ್ಟೀರಿಯಾಗಳು ನೆಲೆಸಿರುತ್ತವೆ. ಮೆಥಿಲೀನ್ ಬ್ಲೂ ಅವುಗಳಿಗೂ ಹಾನಿ ಮಾಡಬಲ್ಲದು. ಅವು ಸೊರಗಿದರೆ ಅಮೋನಿಯಾ ಏರುತ್ತದೆ. ತೊಟ್ಟಿಯಲ್ಲಿ ಸತ್ತ ಮೀನೂ ಇದ್ದರೆ ಇನ್ನೂ ಏರುತ್ತದೆ. ನಮ್ಮ ಕೊಳವೆಬಾವಿ ನೀರಿನಂತಹ ಕ್ಷಾರೀಯ ನೀರಿನಲ್ಲಿ ಅಮೋನಿಯಾದ ವಿಷ ಇನ್ನಷ್ಟು ತೀಕ್ಷ್ಣ. ಒಂದು ಕಾಯಿಲೆ ವಾಸಿಯಾಗುವ ಹೊತ್ತಿಗೆ ಎರಡನೆಯದು ಹೊಕ್ಕಿರುತ್ತದೆ.

ಇದು ನಿಮ್ಮ ತೀರ್ಮಾನವನ್ನು ಹೇಗೆ ಬದಲಿಸುತ್ತದೆ ಎಂದರೆ, ಇಕ್‌ನಂತೆ ಬ್ಯಾಕ್ಟೀರಿಯಾ ಮೀನಿಲ್ಲದೆ ಎರಡು ದಿನದಲ್ಲಿ ಸಾಯುವುದಿಲ್ಲ. ನೀರು, ಕೆಸರು, ಹುಳುವಿನ ಲೋಳೆ, ಸತ್ತ ಮೀನನ್ನು ತಿಂದ ಅದರ ಹಿಕ್ಕೆ ಇವುಗಳಲ್ಲಿ ಕೆಲಕಾಲ ಇರಬಲ್ಲದು. ನಾಲ್ಕು ವಾರ ಸ್ವಚ್ಛ ನೀರಿನಲ್ಲಿ ಇಟ್ಟು, ನೀರು ಬದಲಿಸುತ್ತಾ ಬಂದರೆ ಅಪಾಯ ಬಹಳಷ್ಟು ಇಳಿಯುತ್ತದೆ. ಸೊನ್ನೆಯಾಗುತ್ತದೆ ಎಂದು ಯಾವ ಪ್ರಾಮಾಣಿಕ ತಜ್ಞನೂ ಬರೆದುಕೊಡಲಾರ. ಗಪ್ಪಿಗಳ ತೊಟ್ಟಿ ಕಿಕ್ಕಿರಿದಿಲ್ಲದೆ, ನೀರು ಚೆನ್ನಾಗಿದ್ದರೆ ನಾನು ಆ ಉಳಿದ ಅಪಾಯವನ್ನು ಒಪ್ಪಿಕೊಳ್ಳುತ್ತೇನೆ.

ಒಂದು ಸಂದರ್ಭದಲ್ಲಿ ಮಾತ್ರ ಸ್ಥಳಾಂತರವೇ ಬೇಡ ಎನ್ನುತ್ತೇನೆ. ಮೀನುಗಳು ವಾರಗಟ್ಟಲೆ ತಿಂದರೂ ಸೊರಗುತ್ತಾ, ಬೆನ್ನು ಬಾಗಿ, ಮೈಮೇಲೆ ಹುಣ್ಣಾಗಿ ಒಂದೊಂದಾಗಿ ಸತ್ತಿದ್ದರೆ ಅದು ಮೀನಿನ ಕ್ಷಯವಿರಬಹುದು. ಅದರ ರೋಗಾಣು ಹಟಮಾರಿ, ಮನುಷ್ಯರ ಕೈಯ ಗಾಯದಿಂದಲೂ ಒಳಹೊಕ್ಕು ತಿಂಗಳಾನುಗಟ್ಟಲೆ ವಾಸಿಯಾಗದ ಗಂಟುಗಳನ್ನು ಎಬ್ಬಿಸುತ್ತದೆ. ಅಂಥ ಮನೆಯ ಹುಳು ತನ್ನ ಆಯುಷ್ಯವನ್ನು, ಸಾಮಾನ್ಯವಾಗಿ ಒಂದೆರಡು ವರ್ಷ, ಒಂಟಿಯಾಗಿಯೇ ಕಳೆಯಲಿ. ನೀವು ಬರೆದ ಲಕ್ಷಣಗಳಲ್ಲಿ ಇದು ಕಾಣುವುದಿಲ್ಲ. ಆದರೂ ಕೈಗೆ ಗಾಯವಿದ್ದಾಗ ಕೈಗವಸಿಲ್ಲದೆ ತೊಟ್ಟಿಗೆ ಕೈ ಹಾಕಬೇಡಿ, ಮಗಳಿಗೂ ಹೇಳಿ. ಮುಂದೆ ಎಂದಾದರೂ ಬೆರಳಲ್ಲಿ ವಾಸಿಯಾಗದ ಗಂಟು ಎದ್ದರೆ ಚರ್ಮರೋಗ ವೈದ್ಯರಿಗೆ ಮನೆಯಲ್ಲಿ ಅಕ್ವೇರಿಯಂ ಇದೆ ಎಂಬುದನ್ನು ನೀವಾಗಿಯೇ ತಿಳಿಸಬೇಕು; ಅವರಿಗೆ ಅದು ಕೇಳಲು ತೋಚದಿರಬಹುದು.

ಈಗ ನಿಮ್ಮ ಮುಂದಿರುವ ದಾರಿಗಳು. ಎಲ್ಲಕ್ಕಿಂತ ಸುಲಭವಾದದ್ದು ಹುಳುವನ್ನು ಇದ್ದಲ್ಲೇ ಬಿಟ್ಟು ಮೀನನ್ನು ಬೇರೆ ಟಬ್ಬಿಗೆ ಹಾಕುವುದು. ಆಗ ದೊಡ್ಡ ತೊಟ್ಟಿ, ಜಲ್ಲಿ, ಫಿಲ್ಟರ್, ಹುಳು ಎಲ್ಲವೂ ಒಟ್ಟಿಗೆ ಇಕ್‌ನಿಂದ ಮುಕ್ತವಾಗುತ್ತವೆ. ಆದರೆ ಬ್ಯಾಕ್ಟೀರಿಯಾದ ಅನುಮಾನ ಇರುವ ನಿಮ್ಮ ತೊಟ್ಟಿಯಲ್ಲಿ ಕೆಸರೂ ಔಷಧವೂ ಉಳಿದಿವೆ. ಜೊತೆಗೆ, ದೊಡ್ಡ ಗೋಲ್ಡ್ ಫಿಶ್‌ಗೆ ತಿಂಗಳುಗಟ್ಟಲೆ ಟಬ್ಬು ಚಿಕ್ಕದಾಗುತ್ತದೆ. ಆದ್ದರಿಂದ ನಾನು ಎರಡನೆಯ ದಾರಿಯನ್ನು ಆರಿಸುತ್ತೇನೆ: ಹುಳುವನ್ನೇ ಹೊರಗೆ ತೆಗೆದು ಟಬ್ಬಿನಲ್ಲಿಡುವುದು.

ಹೊಸ ಪ್ಲಾಸ್ಟಿಕ್ ಟಬ್ಬು, ಹತ್ತು ಹದಿನೈದು ಲೀಟರ್ ಹಿಡಿಯುವಂಥದ್ದು, ಸೋಪಿನ ಸೋಂಕಿಲ್ಲದ್ದು. ಗಾಳಿ ಕೊಡಲು ಏರ್ ಪಂಪ್. ಮೇಲೆ ಮುಚ್ಚಳ ಅಥವಾ ಬಲೆ, ಏಕೆಂದರೆ ಇವು ರಾತ್ರಿ ಗೋಡೆ ಹತ್ತಿ ಹೊರಗೆ ಬೀಳುವುದರಲ್ಲಿ ನಿಪುಣರು. ಆದರೆ ನೀರಿಗೂ ಮುಚ್ಚಳಕ್ಕೂ ನಡುವೆ ನಾಲ್ಕು ಬೆರಳು ಜಾಗ ಬಿಡಿ. ಕಿವಿರಿನ ಜೊತೆಗೆ ಶ್ವಾಸಕೋಶವೂ ಇರುವ ಪ್ರಾಣಿ ಇದು, ಕೊಳವೆಯನ್ನು ಮೇಲಕ್ಕೆ ಚಾಚಿ ಗಾಳಿ ಎಳೆದುಕೊಳ್ಳುತ್ತದೆ. ಹಳೆಯ ಫಿಲ್ಟರ್ ಸ್ಪಂಜನ್ನು ಇಲ್ಲಿಗೆ ತರಬೇಡಿ. ಬರೀ ಇಕ್ ಆಗಿದ್ದರೆ ತರಬಹುದಿತ್ತು, ಹುಳುವಿನ ಜೊತೆ ಅದೂ ಕಾಯುತ್ತಿತ್ತು; ಬಾಯಿ ಹತ್ತಿ ಕಂಡ ಮೇಲೆ ಬೇಡ. ಅದರ ಬದಲು ಎರಡು ದಿನಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿ, ತಳದ ಹಿಕ್ಕೆಯನ್ನು ಪೈಪಿನಿಂದ ಎಳೆದು ಹಾಕಿ. ಆ ನೀರು ಚರಂಡಿಗೆ ಹೋಗಲಿ, ಬಾವಿಗೂ ಕೆರೆಗೂ ಅಲ್ಲ.

ಹುಳುವನ್ನು ಎತ್ತುವುದರಲ್ಲಿಯೇ ಒಂದು ಕೈಚಳಕವಿದೆ. ಗಾಜಿಗೆ ಅಂಟಿಕೊಂಡಿದ್ದಾಗ ಚಿಪ್ಪು ಹಿಡಿದು ನೇರವಾಗಿ ಕೀಳಬೇಡಿ. ಚಿಪ್ಪಿನ ನಡುಗಂಬಕ್ಕೂ ದೇಹಕ್ಕೂ ಇರುವ ನಂಟು ಒಂದೇ ಸ್ನಾಯುವಿನದು; ಅದು ಹರಿದರೆ ಹುಳು ಉಳಿಯುವುದಿಲ್ಲ. ಬೆರಳಿನಿಂದ ಪಾದದ ಅಂಚನ್ನು ಮೆಲ್ಲಗೆ ಮುಟ್ಟಿ, ಅದು ಹಿಡಿತ ಸಡಿಲಿಸಿದಾಗ ಗಾಜಿನ ಮೇಲೆಯೇ ಪಕ್ಕಕ್ಕೆ ಜಾರಿಸಿಕೊಂಡು ತೆಗೆಯಿರಿ. ಹೊರಗೆ ಬಂದ ಮೇಲೆ ಅದು ಚಿಪ್ಪಿನ ಬಾಯಿಗಿರುವ ಗಟ್ಟಿ ಬಾಗಿಲು ಮುಚ್ಚಿಕೊಳ್ಳುತ್ತದೆ, ಆಗ ಅನುಕೂಲ. ಮೆತ್ತನೆಯ ಹೊಸ ಹಲ್ಲುಜ್ಜುವ ಬ್ರಷ್ಷಿನಿಂದ, ಕ್ಲೋರಿನ್ ಇಲ್ಲದ ನೀರಿನಲ್ಲಿ ಚಿಪ್ಪನ್ನು ಉಜ್ಜಿ, ಸುರುಳಿಯ ಸಂದುಗಳಿಗೆ ವಿಶೇಷ ಗಮನ ಕೊಡಿ. ಹೀಗೆ ಉಜ್ಜುವುದು ಕೋಶಗಳ ಸಂಖ್ಯೆಯನ್ನು ಇಳಿಸುತ್ತದೆ, ಕಾಯುವ ಕಾಲವನ್ನಲ್ಲ. ವಾರಕ್ಕೊಮ್ಮೆ ಮತ್ತೆ ಉಜ್ಜಿ.

ಟಬ್ಬಿಗೆ ಯಾವ ಔಷಧವನ್ನೂ ಹಾಕಬೇಡಿ. ನೀಲಿ ಔಷಧದ ಶೀಶೆ ಇನ್ನೂ ಮನೆಯಲ್ಲಿದ್ದರೆ ಲೇಬಲ್ ಓದಿ. ಕಾಪರ್ ಎಂಬ ಮಾತು ಎಲ್ಲಾದರೂ ಇದೆಯೇ? ತಾಮ್ರ ಬಸವನಹುಳುವಿಗೆ ಕಡು ವಿಷ. ಹೊಲಕ್ಕೆ ಸಿಂಪಡಿಸುವ ಮೈಲುತುತ್ತವೂ ತಾಮ್ರವೇ. ಮೀನಿಗೆ ಔಷಧವಾಗುವ ಪ್ರಮಾಣ ಹುಳುವನ್ನು ಕೊಲ್ಲಲು ಸಾಕಾಗಬಹುದು. ತಾಮ್ರದ ಔಷಧ ಹಾಕಿದ ತೊಟ್ಟಿಯ ಜಲ್ಲಿಯಲ್ಲಿ ಅದು ಕೂತಿರುತ್ತದೆ, ಮುಂದೆ ಮೆಲ್ಲಗೆ ಬಿಡುಗಡೆಯಾಗಬಹುದು. ನಿಮ್ಮ ಶೀಶೆಯಲ್ಲಿ ಆ ಹೆಸರಿದ್ದರೆ ಇಂದೇ ಹುಳುವನ್ನು ಹೊರಗೆ ತೆಗೆಯಿರಿ, ಮತ್ತೆ ಆ ಜಲ್ಲಿಯ ಮೇಲೆ ಬಿಡಬೇಡಿ. ಇನ್ನೊಂದು ಮಾತು: ತೊಗರಿ ಹೊಲಕ್ಕೆ ಔಷಧ ಹೊಡೆದು ಬಂದ ಕೈ, ಸೊಳ್ಳೆಗೆ ಸ್ಪ್ರೇ ಹೊಡೆದ ಕೈ ಟಬ್ಬಿನ ಹತ್ತಿರ ಸುಳಿಯಬಾರದು. ಸೊಪ್ಪು ಹಾಕುವಾಗಲೂ ಚೆನ್ನಾಗಿ ತೊಳೆದು, ಒಂದು ನಿಮಿಷ ಕುದಿಸಿ, ಆರಿಸಿ ಹಾಕಿ. ಪಾಲಕ್, ಸೌತೆಕಾಯಿ ಎರಡೂ ಆಗುತ್ತವೆ. ಮರುದಿನ ಉಳಿದದ್ದನ್ನು ತೆಗೆಯಿರಿ.

ನಿಮ್ಮ ಪತ್ರದಲ್ಲಿ ನೀವು ಹೆಮ್ಮೆಯಿಂದ ಬರೆದ ಸಂಗತಿಯೇ ನನಗೆ ತಕರಾರಿನದ್ದು: ಆರ್‌ಒ ನೀರು. ಬಸವನಹುಳುವಿನ ಚಿಪ್ಪು ಸುಣ್ಣದ್ದು. ಆರ್‌ಒ ಯಂತ್ರ ನೀರಿನಿಂದ ಸುಣ್ಣದ ಅಂಶವನ್ನೇ ಬಹುಪಾಲು ತೆಗೆದುಹಾಕುತ್ತದೆ. ಅಂಥ ನೀರಿನಲ್ಲಿ ಹೊಸ ಚಿಪ್ಪು ತೆಳುವಾಗಿ ಬೆಳೆಯುತ್ತದೆ, ಹಳೆಯದು ತುದಿಯಿಂದ ಸವೆದು ಬಿಳಿಯಾಗಿ ಗುಳಿಬೀಳುತ್ತದೆ. ಗಪ್ಪಿಗಳಿಗೂ ಗಡಸು ನೀರೇ ಹಿತ. ಸುಣ್ಣಕಲ್ಲಿನ ಮೇಲೆ ಕುಳಿತಿರುವ ಜಿಲ್ಲೆಯಲ್ಲಿ, ಸೇಡಂನಲ್ಲಿ ಸಿಮೆಂಟ್ ಕಾರ್ಖಾನೆಗಳಿಗೆ ಊಟ ಹಾಕುವ ನೆಲದಲ್ಲಿ, ಹುಳುವಿಗೆ ಸುಣ್ಣವಿಲ್ಲದಂತೆ ಮಾಡುವುದು ಸಾಹಸವೇ ಸರಿ. ಈ ನಾಲ್ಕು ವಾರಗಳಲ್ಲಿ ಗಪ್ಪಿ ತೊಟ್ಟಿಯ ನೀರನ್ನು ಬದಲಿಸುವಾಗಲೆಲ್ಲ ಆರ್‌ಒ ನೀರಿಗೆ ಬದಲಾಗಿ ಸ್ವಲ್ಪ ಸ್ವಲ್ಪವಾಗಿ ಮಾಮೂಲಿ ನೀರನ್ನು ಬೆರೆಸುತ್ತಾ ಬನ್ನಿ. ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹಾರಿದ ಮೇಲೆ ಹಾಕಿ. ಒಂದೇ ದಿನ ಪೂರ್ತಿ ಬದಲಿಸಿದರೆ ಗಪ್ಪಿಗಳೇ ಕಂಗೆಡುತ್ತವೆ. ಟಬ್ಬಿನಲ್ಲಿ ಒಂದು ತುಂಡು ಕಡಲನೊರೆ (ಕಟಲ್‌ಫಿಶ್ ಎಂಬ ಕಡಲಜೀವಿಯ ಸುಣ್ಣದ ಒಳಚಿಪ್ಪು) ಹಾಕಿದರೆ ಹುಳು ಅದನ್ನು ಕೆರೆದು ತಿನ್ನುತ್ತದೆ.

ಬದುಕುಳಿದ ಗೋಲ್ಡ್ ಫಿಶ್ ದೊಡ್ಡ ತೊಟ್ಟಿಯಲ್ಲೇ ಇರಲಿ. ಗಪ್ಪಿಗಳ ಜೊತೆ ಎಂದೂ ಬೇಡ, ಬಾಯಿಗೆ ಹಿಡಿಯುವ ಗಾತ್ರದ ಮರಿಗಳನ್ನು ಅದು ಬಿಡುವುದಿಲ್ಲ.

ಹುಳುವಿನಷ್ಟೇ ಅಪಾಯ ಬಲೆ, ಪೈಪು, ಬಕೆಟ್ಟು ಮತ್ತು ಒದ್ದೆ ಕೈಯಿಂದಲೂ ಇದೆ, ಅನೇಕ ಮನೆಗಳಲ್ಲಿ ರೋಗ ಹರಡಿದ್ದೇ ಅದರಿಂದ. ದಿನವೂ ಮೊದಲು ಗಪ್ಪಿಗಳ ಕೆಲಸ, ಆಮೇಲೆ ಟಬ್ಬು, ಕೊನೆಗೆ ದೊಡ್ಡ ತೊಟ್ಟಿ. ಬಲೆಗಳು ಬೇರೆ ಬೇರೆ ಇರಲಿ. ಒಂದೇ ಬಲೆಯಿದ್ದರೆ ಪೂರ್ತಿ ಒಣಗಿಸಿ. ಒಣಗಿದರೆ ಇಕ್ ಉಳಿಯುವುದಿಲ್ಲ. ನಾವು ವರ್ಷವಿಡೀ ಬೈಯುವ ಕಲಬುರಗಿಯ ಬಿಸಿಲು ಇಲ್ಲಿ ಪುಕ್ಕಟೆ ಔಷಧ.

ಮೊಟ್ಟೆಗಳ ಚಿಂತೆ ಬೇಡ. ನೀರಿನ ಹೊರಗೆ ಒಣಗಾಳಿಯಲ್ಲಿರುವ ಗೊಂಚಲಿನಲ್ಲಿ ಇಕ್ ಉಳಿಯುವುದಿಲ್ಲ. ಹೆಣ್ಣು ಹಿಂದಿನ ಕೂಡುವಿಕೆಯ ವೀರ್ಯವನ್ನು ಬಹುಕಾಲ ಕಾಪಿಟ್ಟುಕೊಳ್ಳಬಲ್ಲದು, ಆದ್ದರಿಂದ ಒಂಟಿ ಹುಳುವಿನ ಮೊಟ್ಟೆಯೂ ಬಿರಿಯಬಹುದು. ಮರಿಗಳು ಬೇಡವಾದರೆ ಗೊಂಚಲನ್ನು ಬಿಡಿಸಿ, ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಒಂದೆರಡು ದಿನ ಇಟ್ಟು ಕಸಕ್ಕೆ ಹಾಕಿ. ಮೊಟ್ಟೆಯನ್ನಾಗಲಿ ಹುಳುವನ್ನಾಗಲಿ ಅಪ್ಪನ ಕೆರೆಗೆ ಮಾತ್ರ ಬಿಡಬೇಡಿ, ಅತ್ತೆಯವರ ಕ್ಷಮೆ ಕೋರಿ ಹೇಳುತ್ತೇನೆ. ಈ ಜಾತಿಯ ಮೂಲ ದಕ್ಷಿಣ ಅಮೆರಿಕ. ಇದರ ಹತ್ತಿರದ ಬಂಧುವೊಂದನ್ನು 1980ರ ಸುಮಾರಿಗೆ ತಿನ್ನಲೆಂದು ತೈವಾನಿಗೆ ತಂದರು. ಅಲ್ಲಿಂದ ಅದು ಏಷ್ಯಾದ ಭತ್ತದ ಗದ್ದೆಗಳಿಗೆ ನುಗ್ಗಿ ಎಳೆ ಪೈರನ್ನು ನುಣ್ಣಗೆ ಮಾಡಿತು. ಅಂಗಡಿಯ ಹುಳು ಯಾವ ಬಗೆಯದೆಂದು ಮಾರುವವರಿಗೂ ಬಹಳ ಸಲ ತಿಳಿದಿರುವುದಿಲ್ಲ.

ನಾಲ್ಕು ವಾರ ಮುಗಿದ ಮೇಲೆ ಸ್ಥಳಾಂತರದ ದಿನ ಆತುರ ಬೇಡ. ಎರಡು ನೀರುಗಳ ಗಡಸುತನದಲ್ಲಿ ವ್ಯತ್ಯಾಸವಿರುವುದರಿಂದ ನೇರವಾಗಿ ಹಾಕಬಾರದು. ಹುಳುವನ್ನು ಚಿಕ್ಕ ಪಾತ್ರೆಯಲ್ಲಿ ಅದು ಮುಳುಗುವಷ್ಟು ಟಬ್ಬಿನ ನೀರಿನೊಡನೆ ಇಡಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಹೊಸ ಸಲೈನ್ ಪೈಪ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು: ಒಂದು ತುದಿ ಗಪ್ಪಿ ತೊಟ್ಟಿಯಲ್ಲಿ, ಇನ್ನೊಂದು ಕೆಳಗಿನ ಪಾತ್ರೆಯಲ್ಲಿ, ನಡುವಿನ ಚಕ್ರ ತಿರುಗಿಸಿ ಸೆಕೆಂಡಿಗೆ ಎರಡು ಮೂರು ಹನಿ ಬೀಳುವಂತೆ ಮಾಡಿ. ಪಾತ್ರೆಯ ನೀರು ಮೂರು ಪಟ್ಟಾಗುವವರೆಗೆ, ಒಂದೆರಡು ಗಂಟೆ, ಹಾಗೆಯೇ ಬಿಡಿ. ಆಮೇಲೆ ಹುಳುವನ್ನು ಮಾತ್ರ ಎತ್ತಿ ಗಪ್ಪಿ ತೊಟ್ಟಿಯ ತಳದಲ್ಲಿ ಇಡಿ. ಪಾತ್ರೆಯ ನೀರನ್ನು ಹೊರಗೆ ಚೆಲ್ಲಿ. ಒಂದು ಹನಿಯೂ ಜೊತೆಗೆ ಹೋಗಬೇಕಿಲ್ಲ.

ಮೊದಲ ದಿನ ಅದು ಬಾಗಿಲು ಹಾಕಿಕೊಂಡು ಬಿದ್ದಿದ್ದರೆ, ಇಲ್ಲವೇ ಒಳಗೆ ಗಾಳಿ ತುಂಬಿ ತೇಲಿದರೆ ಗಾಬರಿಯಾಗಬೇಡಿ. ಎರಡು ದಿನ ದಾಟಿದರೂ ಅಲುಗದಿದ್ದರೆ ಎತ್ತಿ ಮೂಗಿನ ಬಳಿ ತನ್ನಿ. ಬದುಕಿರುವ ಹುಳು ಕೆರೆಯ ವಾಸನೆ ಬರುತ್ತದೆ. ಸತ್ತದ್ದು ಹೇಗಿರುತ್ತದೆ ಎಂದು ನಾನು ಬರೆಯಬೇಕಿಲ್ಲ, ಬಾಗಿಲು ಜೋತುಬಿದ್ದಿರುತ್ತದೆ, ನೀವು ಹತ್ತಿರ ತರುವ ಮೊದಲೇ ಗೊತ್ತಾಗುತ್ತದೆ. ಅಂಥದ್ದನ್ನು ಆ ಕ್ಷಣವೇ ತೆಗೆಯಿರಿ, ಚಿಕ್ಕ ತೊಟ್ಟಿಯಲ್ಲಿ ಒಂದೇ ಹುಳುವಿನ ಕೊಳೆತ ಗಪ್ಪಿಗಳನ್ನೆಲ್ಲ ಮುಗಿಸಬಲ್ಲದು.

ಮುಂದಿನ ಎರಡು ವಾರ ಗಪ್ಪಿಗಳ ಮೇಲೆ ಕಣ್ಣಿಡಿ. ಬಾಲದ ಬಣ್ಣದ ಮೇಲೆ ಚುಕ್ಕೆ ಬೇಗ ಕಾಣುವುದಿಲ್ಲ. ಅದಕ್ಕಿಂತ ಮೊದಲು ಅವು ಗಿಡಕ್ಕೋ ಜಲ್ಲಿಗೋ ಮೈ ಉಜ್ಜಿ ಜಿಗಿಯುತ್ತವೆ, ರೆಕ್ಕೆಗಳನ್ನು ಮುದುಡಿಕೊಂಡು ಮೇಲೆ ನಿಲ್ಲುತ್ತವೆ. ಹಾಗೇನಾದರೂ ಕಂಡರೆ ಔಷಧದ ಶೀಶೆಯ ಬಿರಡೆ ತೆಗೆಯುವ ಮೊದಲು ಹುಳುವನ್ನು ಮತ್ತೆ ಟಬ್ಬಿಗೆ ಹಾಕಿ. ಅಲ್ಲಿಯವರೆಗೆ ಟಬ್ಬನ್ನು ಅಟ್ಟಕ್ಕೆ ಏರಿಸಬೇಡಿ.